ಮೊದಲು ಚಿಕ್ಕವರು

ಖಮರುದ್ದೀನ್ ಸಾಹೇಬರು ಚಹಾದ ಕಪ್ಪನ್ನು ತಮ್ಮ ಕೈಯಿಂದಲೇ ಮುಂದೆ ಸರಿಸಿದಾಗ ಅಣವೀರಪ್ಪ ಕುರ್ಚಿಯ ಅಂಚಿಗೆ ಸರಿದು ಕುಳಿತ. ಪ್ರಿನ್ಸಿಪಾಲರಾಗಿ ಹೈದರಾಬಾದಿನಿಂದ ಕಲಬುರಗಿಗೆ ಬಂದಂದಿನಿಂದ ಅವರು ಕೈಕೆಳಗಿನವರಿಗೆ ಚಹಾ ಕುಡಿಸಿದ್ದನ್ನು ಯಾರೂ ಕಂಡಿರಲಿಲ್ಲ. ಕಪ್ಪು ತಂದಿಟ್ಟ ಜವಾನ ಕೂಡ ಹೊರಗೆ ಹೋಗುವಾಗ ಒಮ್ಮೆ ತಿರುಗಿ, ಅಯ್ಯೋ ಪಾಪ ಅನ್ನುವಂತೆ ನೋಡಿಹೋದ.

"ಕುಡಿಯಿರಿ, ಆರಿಹೋಗುತ್ತದೆ," ಎಂದರು ಸಾಹೇಬರು. ಅವರ ಮಾತೆಲ್ಲ ನಯವಾದ ಉರ್ದುವಿನಲ್ಲಿ. ಬೈದರೂ ಹೊಗಳಿದಂತೆ ಕೇಳುತ್ತಿತ್ತು. "ಮೇಲಿನಿಂದ ಹುಕುಂ ಬಂದಿದೆ. ಗಣಿತಕ್ಕೆ ಇಬ್ಬರು ಬೇಡ, ಒಬ್ಬರು ಸಾಕಂತೆ. ಇನ್ನೊಬ್ಬರನ್ನು ಕಮಲಾಪುರದ ಶಾಲೆಗೆ ಕಳಿಸಬೇಕು. ಯಾರನ್ನು ಅಂತ ನಾನು ಹೇಳುವುದಿಲ್ಲ. ನಾಳೆ ನಿಮ್ಮ ಮಜ್ಲಿಸ್ಸೇ ಹೇಳಲಿ."

ಗಣಿತಕ್ಕೆ ಇದ್ದ ಇಬ್ಬರಲ್ಲಿ ಒಬ್ಬ ಅಣವೀರಪ್ಪ, ಇನ್ನೊಬ್ಬರು ಕಲ್ಯಾಣಪ್ಪ ಮಾಸ್ತರರು. ಕೋಟನೂರಿನಿಂದ ಬರಿಗಾಲಲ್ಲಿ ನಡೆದು ಬರುತ್ತಿದ್ದ ಅಣವೀರಪ್ಪನಿಗೆ ಲೆಕ್ಕ ಕಲಿಸಿದವರು, ಗಾಜಿಪುರ ಓಣಿಯ ತಮ್ಮ ಮನೆಯಲ್ಲಿ ವರ್ಷಗಟ್ಟಲೆ ಊಟಕ್ಕೆ ಹಾಕಿದವರು, ಕಡೆಗೆ ಇದೇ ಕಾಲೇಜಿನಲ್ಲಿ ನೌಕರಿ ಕೊಡಿಸಿದವರು ಈ ಕಲ್ಯಾಣಪ್ಪನವರೇ. ಮಜ್ಲಿಸ್ ಅನ್ನುವುದೂ ಅವರದೇ ಕೂಸು. ಕಾಲೇಜಿನ ವಿಷಯವನ್ನು ಪ್ರಿನ್ಸಿಪಾಲರೊಬ್ಬರೇ ಬಾಗಿಲು ಹಾಕಿಕೊಂಡು ತೀರ್ಮಾನಿಸಬಾರದು, ಕಲಿಸುವವರೆಲ್ಲ ಕೂಡಿ ಕುಳಿತು ಮಾತಾಡಬೇಕು ಎಂದು ಅವರು ಎಷ್ಟೋ ವರ್ಷ ಬೆನ್ನು ಹತ್ತಿದ್ದರು. ಹಿಂದಿನ ಪ್ರಿನ್ಸಿಪಾಲರು ಕಿವಿಗೆ ಹಾಕಿಕೊಂಡಿರಲಿಲ್ಲ. ಖಮರುದ್ದೀನ್ ಸಾಹೇಬರು ಮಾತ್ರ ಬಂದ ಹೊಸತರಲ್ಲೇ ನಗುತ್ತ ಒಪ್ಪಿಬಿಟ್ಟರು. ಯಾಕೆ ನಕ್ಕರೆಂದು ಆಗ ಯಾರೂ ವಿಚಾರಿಸಲಿಲ್ಲ. ದೊಡ್ಡವರು ಮೊದಲು ಮಾತಾಡಿದರೆ ಚಿಕ್ಕವರು ಬಾಯಿ ಬಿಡುವುದಿಲ್ಲ, ಆದ್ದರಿಂದ ಎಲ್ಲರಿಗಿಂತ ಚಿಕ್ಕವನು ಮೊದಲು ಹೇಳಬೇಕು, ಹಿರಿಯರು ಕಡೆಗೆ ಎಂಬ ಕಟ್ಟಳೆಯನ್ನೂ ಕಲ್ಯಾಣಪ್ಪನವರೇ ಹಟ ಹಿಡಿದು ಹಾಕಿಸಿದ್ದರು.

"ಕಡೆಗೆ ಬಂದವರು ಮೊದಲು ಹೋಗುವುದು ರೂಢಿ," ಎಂದು ಸಾಹೇಬರು ಮುಂದುವರಿಸಿದರು. "ನೀವು ಸುಮ್ಮನಿದ್ದರೆ ರೂಢಿಯಂತೆ ನೀವೇ ಹೋಗುತ್ತೀರಿ. ಆದರೆ ಮಾತು ಶುರುವಾಗುವುದು ನಿಮ್ಮಿಂದ. ನೀವು ಹೇಳಿದ್ದನ್ನೇ ವಿಜ್ಞಾನದ ಹಮೀದ್ ಹೇಳುತ್ತಾನೆ, ಅದನ್ನು ನನಗೆ ಬಿಡಿ. ನನಗೆ ಇಲ್ಲಿ ತಂಟೆಯಿಲ್ಲದ ಜನ ಬೇಕು."

ಅಣವೀರಪ್ಪ ಚಹಾ ಕುಡಿದ. ಚಹಾ ಚೆನ್ನಾಗಿತ್ತು.

ಮನೆಗೆ ಹೋಗಿ ಹೆಂಡತಿ ಲಲಿತಾಬಾಯಿಗೆ ಹೇಳಿದ. ಆಕೆ ಬಟ್ಟೆ ವ್ಯಾಪಾರಿಯ ಮಗಳು, ಮಾತು ಅಳೆದು ಕತ್ತರಿಸಿದ ಹಾಗೆ. "ಕಾಲೇಜ್ ಮಾಸ್ತರ ಅಂತ ನಮ್ಮಪ್ಪ ಕೊಟ್ಟಾನ. ಸಣ್ಣ ಹುಡುಗರಿಗೆ ಮಗ್ಗಿ ಹೇಳಿಕೊಡಾಕ ಕಮಲಾಪುರಕ್ಕ ಹೋಗೋದಿದ್ರ ನೀವೊಬ್ರೇ ಹೋಗ್ರಿ. ನಾ ತವರಮನ್ಯಾಗ ಇರ್ತೀನಿ," ಎಂದಳು. ಅವನಿಗೆ ಬೇಕಾಗಿದ್ದ ಮಾತೂ ಇದೇ. ತೀರ್ಮಾನವನ್ನು ಅವನು ಚಹಾ ಕುಡಿಯುವಾಗಲೇ ಮಾಡಿಕೊಂಡಿದ್ದ. ತಪ್ಪು ಹೊರಿಸಲು ಇನ್ನೊಂದು ಹೆಗಲು ಬೇಕಿತ್ತು, ಅದು ಮನೆಯಲ್ಲೇ ಸಿಕ್ಕಿತು.

ಸಂಜೆ ಕಲ್ಯಾಣಪ್ಪನವರೇ ಊಟಕ್ಕೆ ಕರೆಸಿದರು. ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದ. ಮಾಸ್ತರರ ಹೆಂಡತಿ ನೀಲಗಂಗಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ಮಬ್ಬು ಮಬ್ಬಾಗಿ ಕಾಣುತ್ತಿದ್ದರು. ಚಳಿಗಾಲ ಬರಲಿ, ಕೊಯ್ದು ತೆಗೆಯುತ್ತೇನೆ, ಆಮೇಲೆ ಕಣ್ಣು ಕಟ್ಟಿಕೊಂಡು ಕೆಲವು ದಿನ ಇದೇ ಊರಲ್ಲಿ ಮಲಗಿರಬೇಕಾಗುತ್ತದೆ ಎಂದು ಕಲಬುರಗಿಯ ಡಾಕ್ಟರರು ಹೇಳಿದ್ದರು. ಆಕೆ ತಾಟಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ ಪುಂಡಿಪಲ್ಯ ಬಡಿಸಿದಳು.

"ಇನ್ನೊಂದು ರೊಟ್ಟಿ ಹಾಕ್ಲೇನು ತಮ್ಮಾ? ನಿನ್ನ ತಾಟ ನನಗ ಕಾಣಂಗಿಲ್ಲ, ನೀನೇ ಹೇಳಬೇಕು."

"ಹಾಕ್ರಿ ಅವ್ವಾರ."

ಕಲ್ಯಾಣಪ್ಪನವರಿಗೆ ಹುಕುಮಿನ ಸುದ್ದಿ ಮುಟ್ಟಿತ್ತು. "ನೀ ಏನೂ ಅಂಜಬ್ಯಾಡ ಅಣವೀರ," ಎಂದರು. "ರೂಢಿ ಪ್ರಕಾರ ನೀ ಹೋಗಬೇಕು, ಖರೇ. ಆದ್ರ ನಾ ಬಿಡಾಂಗಿಲ್ಲ. ಇಬ್ರೂ ಬೇಕು ಅಂತ ಮಜ್ಲಿಸ್ ಒಂದೇ ಬಾಯಿಲೆ ಹೇಳಿದ್ರ ಮ್ಯಾಲಿನವ್ರು ವಿಚಾರ ಮಾಡೇ ಮಾಡ್ತಾರ. ನಾಳಿಗೆ ನೀ ಅಷ್ಟೇ ಹೇಳು. ಮುಂದಿಂದು ನಾ ನೋಡ್ಕೋತೀನಿ."

"ಹೂಂನ್ರಿ," ಎಂದು ಅಣವೀರಪ್ಪ ರೊಟ್ಟಿ ಮುರಿದ.

ಮರುದಿನ ಕಲ್ಯಾಣಪ್ಪನವರು ತಲೆಗೆ ಹೊಸ ರುಮಾಲು ಸುತ್ತಿಕೊಂಡು ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದರು. ಇಷ್ಟು ದಿನ ಮಜ್ಲಿಸ್ಸಿಗೆ ಬಂದಿದ್ದೆಲ್ಲ ಬಾವಿಯ ಹಗ್ಗ, ಬೆಂಚಿನ ಕಾಲು ಇಂಥ ವಿಷಯಗಳೇ. ಇಂದು ಮೊದಲ ಸಲ ಒಬ್ಬ ಮನುಷ್ಯನ ವಿಷಯ. ಮೇಜಿನ ಸುತ್ತ ಪ್ರಿನ್ಸಿಪಾಲರು, ಅಣವೀರಪ್ಪ, ವಿಜ್ಞಾನದ ಹಮೀದ್, ಫಾರ್ಸಿ ಕಲಿಸುವ ಬುರ್ಹಾನುದ್ದೀನ್, ಮತ್ತು ಕಲ್ಯಾಣಪ್ಪನವರು.

"ಮೊದಲು ಚಿಕ್ಕವರು," ಎಂದರು ಸಾಹೇಬರು. "ಕಲ್ಯಾಣಪ್ಪನವರ ಕಟ್ಟಳೆ."

ಕಲ್ಯಾಣಪ್ಪನವರು ಶಿಷ್ಯನ ಕಡೆ ನೋಡಿ, ಹೇಳು ಹೇಳು ಎಂಬಂತೆ ತಲೆಯಾಡಿಸಿದರು. ಅಣವೀರಪ್ಪ ಮಸಿಕುಡಿಕೆಯನ್ನು ನೋಡುತ್ತ ಹೇಳಿದ. "ಕಲ್ಯಾಣಪ್ಪ ಮಾಸ್ತರರಿಗೆ ವಯಸ್ಸಾಗಿದೆ. ಇಲ್ಲಿನ ಪಾಠ ಅವರಿಗೆ ಭಾರವಾಗುತ್ತಿದೆ. ಹುಡುಗರೂ ಹಾಗೇ ಅನ್ನುತ್ತಾರೆ. ಕಮಲಾಪುರಕ್ಕೆ ಅವರನ್ನು ಕಳಿಸುವುದು ಒಳ್ಳೆಯದು." ಉರ್ದುವಿನಲ್ಲಿ ಹೇಳಿದ, ಕನ್ನಡದಲ್ಲಾಗಿದ್ದರೆ ನಾಲಗೆ ತೊಡರುತ್ತಿತ್ತೋ ಏನೋ. ಹುಡುಗರ ಮಾತನ್ನು ಸಾಹೇಬರು ಹೇಳಿಕೊಟ್ಟಿರಲಿಲ್ಲ. ಅದು ಅವನ ಸ್ವಂತದ್ದು.

"ನನ್ನದೂ ಅದೇ," ಎಂದ ಹಮೀದ್, ಕೆಮ್ಮಿ ಮುಗಿಸುವಷ್ಟರಲ್ಲಿ.

ಬುರ್ಹಾನುದ್ದೀನ್ ಇದೇ ಊರಿನ ಮೋಮಿನಪುರದವರು, ಸಿಟ್ಟು ಬಂದರೆ ಕನ್ನಡಕ್ಕೆ ಇಳಿಯುವವರು. "ಇದು ಇನ್ಸಾಫ್ ಅಲ್ರಿ ಸಾಬ್!" ಎಂದು ಎದ್ದೇ ನಿಂತರು. "ಕಡೀಗೆ ಬಂದವ್ರು ಮೊದ್ಲ ಹೋಗಬೇಕು. ಈ ಕಾಲೇಜಿನ ಗ್ವಾಡಿ ಏಳೋ ಮೊದ್ಲ ಈ ಮನಷ್ಯಾ ಇಲ್ಲಿ ಮರದ ಕೆಳಗ ನಿಂತು ಪಾಠ ಹೇಳ್ಯಾನ. ನಾ ಒಪ್ಪಾಂಗಿಲ್ಲ."

ಈಗ ಕಲ್ಯಾಣಪ್ಪನವರ ಸರದಿ. ಅವರು ಬಾಯಿ ತೆರೆದಿದ್ದರೆ ಇಬ್ಬರಿಗೆ ಇಬ್ಬರಾಗುತ್ತಿತ್ತು. ಆಗ ಸಾಹೇಬರೇ ತೀರ್ಪು ಹೇಳಿ ತಮ್ಮ ಕೈಯನ್ನು ಎಲ್ಲರೆದುರು ಹೊಲಸು ಮಾಡಿಕೊಳ್ಳಬೇಕಾಗುತ್ತಿತ್ತು. ಆದರೆ ಕಲ್ಯಾಣಪ್ಪನವರು ರುಮಾಲು ಸರಿಮಾಡಿಕೊಂಡು, "ನನ್ನ ವಿಷಯಕ್ಕ ನಾನೇ ಮಾತಾಡೋದು ಮರ್ಯಾದಿ ಅಲ್ರಿ," ಎಂದು ಸುಮ್ಮನಾದರು. ವಿಷಯ ಅಣವೀರಪ್ಪನದೂ ಅಷ್ಟೇ ಆಗಿತ್ತೆಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ, ಅಥವಾ ಹೊಳೆದವರು ಉಸಿರೆತ್ತಲಿಲ್ಲ.

ಸಾಹೇಬರು ಎರಡೂ ಕೈ ಚೆಲ್ಲಿದರು. "ನಾನೇನು ಮಾಡಲಿ ಹೇಳಿ? ಮಜ್ಲಿಸ್ಸಿನ ಮಾತು." ಜವಾನ ಬಾಗಿಲಾಚೆಯಿಂದ ಹೂವಿನ ಹಾರ ತಂದ. ಅದನ್ನು ಬೆಳಿಗ್ಗೆಯೇ ಕಟ್ಟಿಸಿ ನೀರು ಚಿಮುಕಿಸಿ ಇಟ್ಟಿದ್ದರು.

ಕಲ್ಯಾಣಪ್ಪನವರು ಮನೆಯಲ್ಲಿ "ಮಜ್ಲಿಸ್ ಕಳಿಸ್ತು" ಎಂದಷ್ಟೇ ಹೇಳಿದರು. ಯಾರು ಏನೆಂದರೆಂದು ಬಾಯಿ ಬಿಡಲಿಲ್ಲ. ಒಳಗಿನ ಮಾತನ್ನು ಹೊರಗೆ ಒಯ್ಯಬಾರದೆಂಬ ಹುಚ್ಚು ಅವರಿಗೆ. ಅವರಿಗೆ ಗಂಡುಮಕ್ಕಳಿರಲಿಲ್ಲ. ಸಾಮಾನು ಸಾಗಿಸಲು, ಕಮಲಾಪುರದವರೆಗೆ ಬಂದು ಮನೆ ಹೂಡಿಕೊಟ್ಟು ಹೋಗಲು, ನೀಲಗಂಗಮ್ಮ ಹೇಳಿಕಳಿಸಿದ್ದು ಅಣವೀರಪ್ಪನಿಗೇ. "ಅವ ಯಾಕ ಬಿಡು," ಅಂತೇನಾದರೂ ಮಾಸ್ತರರು ಅನ್ನಬಹುದೆಂದು ಅವನು ಕಾದ. ಅವರು ಅನ್ನಲಿಲ್ಲ. "ಬರ್ಲಿ," ಎಂದರು.

ಕರೆಯದೆ ಬಂದವರು ಬುರ್ಹಾನುದ್ದೀನ್. ಪಾತ್ರೆಯ ಗಂಟುಗಳನ್ನು ತಾವೇ ಹೊತ್ತು ಬಂಡಿಗೆ ಹಾಕಿದರು. ಹೊರಡುವ ಹೊತ್ತಿಗೆ ನೀಲಗಂಗಮ್ಮನ ಎದುರು ಬಂದು ನಿಂತು, "ಚಳಿಗಾಲಕ್ಕ ಕಣ್ಣಿಗಂತ ಬರ್ರಿ ಬಾಯಿ. ನಮ್ಮ ಹಿತ್ತಲದಾಗ ಖೋಲಿ ಖಾಲಿ ಅದ. ನಿಮಗ ಒಲಿ ಬ್ಯಾರೆ ಹಾಕಿಸ್ತೀನಿ, ನೀರು ನಿಮ್ಮವರ ಬಾವಿದೇ ತರಸ್ತೀನಿ. ಎಷ್ಟ್ ದಿನ ಬೇಕಾದ್ರೂ ಇರ್ರಿ," ಎಂದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೂಂ ಅಂದಳು. ಗಾಜಿಪುರದಲ್ಲೇ ಅಣವೀರಪ್ಪನ ಮನೆಯಿತ್ತು, ಅದರಲ್ಲೂ ಒಂದು ಖೋಲಿ ಖಾಲಿಯಿತ್ತು. ಅವನು ಆಗ ಬಂಡಿಯ ಹಗ್ಗ ಬಿಗಿಯುವುದರಲ್ಲಿ ಬಹಳ ಮಗ್ನನಾಗಿದ್ದ.

ಕಮಲಾಪುರ ಮುಟ್ಟಿದಾಗ ಹೊತ್ತು ಇಳಿದಿತ್ತು. ಶಾಲೆಯ ಹೆಡ್ ಮಾಸ್ತರ ದೌಲಪ್ಪ, ಕಲ್ಯಾಣಪ್ಪನವರ ಮಗನ ವಯಸ್ಸಿನವನು, ಮಂಚದ ಮೇಲಿಂದ ಏಳಲಿಲ್ಲ. "ಕಾಲೇಜಿನವ್ರು ತಮಗ ಬ್ಯಾಡಾದವ್ರನ್ನ ನಮ್ಮ ಕಡೆ ಅಟ್ತಾರ್ರಿ," ಎಂದು ನಕ್ಕ. "ಒಂದನೇ ಇಯತ್ತೆ ತಗೋರಿ. ಮಗ್ಗಿ ಬರ್ತಾವಲ್ರೀ?"

"ಬರ್ತಾವ್ರಿ," ಎಂದರು ಕಲ್ಯಾಣಪ್ಪನವರು.

ಬೆಳಿಗ್ಗೆ ಬಂಡಿ ಹೊಡೆಯುವ ಮೈಬೂಬ ಎತ್ತು ಹೂಡುತ್ತಿದ್ದ. ಅಣವೀರಪ್ಪ ಹೊರಟು ನಿಂತಾಗ ನೀಲಗಂಗಮ್ಮ ಅವನ ಕೈ ಹುಡುಕಿ ಹಿಡಿದುಕೊಂಡಳು.

"ತಮ್ಮಾ, ಇವರು ಬಾಯಿ ಬಿಡವಲ್ರು. ನೀ ಅಲ್ಲೇ ಇದ್ದೀ. ಇವರ ಹೆಸರ ಮೊದ್ಲ ತಗದವ ಯಾರು? ಇಷ್ಟ್ ವರ್ಷದ ಮನಿ ಕಿತ್ತು ಹಾಕಿದವ ಯಾರಂತ ನನಗ ಗೊತ್ತಾಗಬೇಕು."

ಕಲ್ಯಾಣಪ್ಪನವರು ಗೋಡೆಗೊರಗಿ ಕುಳಿತಿದ್ದರು. ಶಿಷ್ಯನ ಮುಖವನ್ನೇ ನೋಡಿದರು. ಕಪ್ಪುಹಲಗೆಯ ಮುಂದೆ ಹುಡುಗ ಲೆಕ್ಕ ಬಿಡಿಸಲಿ ಎಂದು ಕಾಯುವಂತೆ ಸಮಾಧಾನದಿಂದ ಕಾದರು. ಅಣವೀರಪ್ಪ ಅವರಿಂದ ಮುಖ ತಿರುಗಿಸಿ ನೀಲಗಂಗಮ್ಮನನ್ನು ನೋಡಿದ. ಆಕೆಗೆ ತನ್ನ ಮುಖ ಕಾಣದು ಎಂಬುದು ನೆನಪಾಗಿ ಧೈರ್ಯ ಬಂತು.

"ಬುರ್ಹಾನುದ್ದೀನ್ ಸಾಬ್ರು," ಎಂದ.

ಆಕೆಯ ಕೈ ಸಡಿಲಾಯಿತು. "ಅವನಾ? ಮತ್ತ ಗಂಟು ಹೊರಾಕ ಬಂದಿದ್ದಾ! ಮನಿ ಮುರದು ನೋಡಿ ನಗಾಕ ಬಂದಿದ್ದೇನು? ಅವನ ಖೋಲಿಗೆ ಬೆಂಕಿ ಹತ್ಲಿ. ನನ್ನ ಕಣ್ಣು ಹೋದ್ರ ಹೋಗ್ಲಿ, ಅವನ ಹೊಸ್ತಿಲಾ ತುಳ್ಯಾಂಗಿಲ್ಲ ನಾ. ಕಲಬುರಗಿಗೇ ಬರಾಂಗಿಲ್ಲ."

"ಅಣವೀರ," ಎಂದರು ಕಲ್ಯಾಣಪ್ಪನವರು, ಮೆಲ್ಲಗೆ. "ವಿಚಾರ ಮಾಡಿ ಇನ್ನೊಮ್ಮೆ ಹೇಳು."

ಹೊರಗೆ ಎತ್ತಿನ ಕೊರಳಗಂಟೆ ಅಲುಗಿತು. ಇನ್ನೊಂದು ಗಳಿಗೆಗೆ ತಾನು ಬಂಡಿಯಲ್ಲಿರುತ್ತೇನೆ, ಸಂಜೆಗೆ ಮನೆಯಲ್ಲಿರುತ್ತೇನೆ ಎಂದು ಅವನಿಗನಿಸಿತು. "ಅವರೇ ರೀ ಮಾಸ್ತರ," ಎಂದ.

ಕಲ್ಯಾಣಪ್ಪನವರು ತಲೆ ತಗ್ಗಿಸಿದರು. ಅಣವೀರಪ್ಪ ಅವರ ಕಾಲು ಮುಟ್ಟಲು ಬಾಗಿದ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಅವನು ಹೊರಗೆ ಬಂದು ಬಂಡಿ ಹತ್ತಿ ಕುಳಿತ.

ನೀಲಗಂಗಮ್ಮ ಸಿಟ್ಟಿನಲ್ಲೂ ಮರೆತಿರಲಿಲ್ಲ. ಹಿಂದಿನ ಸಂಜೆ ನೆರೆಯವರು ಕೊಟ್ಟ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪನ್ನು ಎತ್ತಿಕೊಂಡು ಗೋಡೆ ಸವರುತ್ತ ಬಾಗಿಲಿಗೆ ಬಂದಳು. "ತಡಿ ತಮ್ಮಾ, ಲಲಿತಾಬಾಯಿಗೆ ಒಯ್ಯಿ," ಎಂದು ಹೊಸ್ತಿಲು ದಾಟುವಷ್ಟರಲ್ಲಿ ಒಳಗಿನಿಂದ ಗಂಡ ಕರೆದರು. ಹಣ್ಣನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು.

ಮೈಬೂಬ ಬೀಡಿ ಹಚ್ಚಿಕೊಂಡ. ಒಳಗಿನಿಂದ ಕಲ್ಯಾಣಪ್ಪನವರ ದನಿ ಸ್ವಲ್ಪ ಹೊತ್ತು ಕೇಳಿಸಿತು, ಪಾಠ ಹೇಳುವಾಗಿನ ಹಾಗೆ ಏರದೆ ಇಳಿಯದೆ. ಮಾತು ಏನೆಂದು ತಿಳಿಯಲಿಲ್ಲ. ಆಮೇಲೆ ಅದೂ ನಿಂತಿತು. ಬಂಡಿ ಹೊಡಿ ಎಂದು ಅಣವೀರಪ್ಪ ಕೈಮಾಡಿದ, ಮೈಬೂಬ ಬೀಡಿ ತೋರಿಸಿ ತಡಿ ಅಂದ.

ನೀಲಗಂಗಮ್ಮ ಮತ್ತೆ ಬಾಗಿಲಿಗೆ ಬಂದಳು. ಬಂಡಿಯ ಕಡೆ ಮುಖ ಎತ್ತಲಿಲ್ಲ. ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಕೈಯಾಡಿಸಿ ಹಣ್ಣಿನ ಚಿಪ್ಪು ಹುಡುಕಿ ಮಡಿಲಿಗೆ ಎಳೆದುಕೊಂಡಳು. ಬಾಗಿಲ ಕಂಬಕ್ಕೆ ನೆರೆಮನೆಯವರ ಆಡೊಂದನ್ನು ಕಟ್ಟಿದ್ದರು. ಒಂದು ಹಣ್ಣು ಮುರಿದು ಆಡಿನ ಸದ್ದಿನ ಕಡೆಗೆ ಚಾಚಿದಳು.

"ಮಾಸ್ತರ, ಅವು ನಿಮಗಂತ ತಂದ ಹಣ್ಣಲ್ಲೇನ್ರಿ?" ಎಂದ ಮೈಬೂಬ.

ಆಡು ಸಿಪ್ಪೆಯ ಸಮೇತ ತಿಂದಿತು. ಆಕೆ ಇನ್ನೊಂದು ಮುರಿದಳು.