ಕನ್ನಡ ಪ್ರತಿ ಬರುವವರೆಗೆ

ನನಗೆ ಮಲಯಾಳ ಓದಲು ಬರುವುದಿಲ್ಲ ಎಂದು ಊರೆಲ್ಲ ನಂಬಿದೆ. ನಂಬಿಸಿದವನು ನಾನೇ. ಮೂವತ್ತೊಂದು ವರ್ಷ ಕನ್ನಡ ಕಲಿಸಿ, ನಿವೃತ್ತನಾದ ಮೇಲೆ ಕನ್ನಡಿಗರ ಸಭೆ ಎಲ್ಲಿ ನಡೆದರೂ ವೇದಿಕೆಯಲ್ಲಿ ಒಂದು ಕುರ್ಚಿ ಗಿಟ್ಟಿಸಿಕೊಂಡವನು. "ಆ ಅಕ್ಷರ ನನ್ನ ಕಣ್ಣಿಗೆ ಹತ್ತುವುದಿಲ್ಲ" ಎಂದಾಗಲೆಲ್ಲ ಚಪ್ಪಾಳೆ ಬೀಳುತ್ತಿತ್ತು. ನಿಜ ಹೇಳಬೇಕೆಂದರೆ ಗಡಿಯ ಈಚೆಗಿನ ನಮ್ಮ ಶಾಲೆಗಳಿಗೆ ಮಲಯಾಳದಲ್ಲೇ ಬರುವ ಇಲಾಖೆಯ ಸುತ್ತೋಲೆಗಳನ್ನು ಓದಿ ಓದಿ ಅದು ನನಗೆ ನೀರು ಕುಡಿದಷ್ಟು ಸಲೀಸು.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಮೊಗ್ರಾಲಿನ ಲೋಲಾಕ್ಷಿ ಮನೆಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ತಾಯಿಯ ಹಿಂದೆ ಹೊಳೆಯ ಅಳಿವೆಗೆ ಇಳಿದವಳು. ಇಳಿತದ ಹೊತ್ತಿನಲ್ಲಿ ಸೊಂಟಮಟ್ಟ ನೀರಲ್ಲಿ ನಿಂತು, ಕಾಲಲ್ಲಿ ಕೆಸರು ತಡವಿ, ಕೈಯಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಹೆದ್ದಾರಿ ಬದಿಯಲ್ಲಿ ಮಾರುತ್ತಿದ್ದಳು. ದೋಣಿ ಇಲ್ಲ, ಬಲೆಯೂ ಇಲ್ಲ. ಆ ಚಿಪ್ಪುಗಳಿಂದಲೇ ಅವಳ ಮನೆ ನಡೆದದ್ದು.

"ಮಾಷ್ಟ್ರೇ, ಆನ್‌ಲೈನ್ ಅರ್ಜಿ ಹಾಕುವ ಅಕ್ಷಯ ಕೇಂದ್ರ ಉಂಟಲ್ಲಾ, ಅಲ್ಲಿನ ನಮಿತಾ ಕೊಟ್ಟಳು," ಎಂದು ಒಂದು ಕಟ್ಟು ಕಾಗದ ಮುಂದಿಟ್ಟಳು. "ಮರುವಾಯಿಗೆ ಎಂತದೋ ಕಾನೂನು ಬರ್ತದಂತೆ. ಇದು ಮಲಯಾಳ, ನಿಮಗೆ ಬರುದಿಲ್ಲ ಅಂತ ಗೊತ್ತುಂಟು. ಕನ್ನಡದ್ದು ತರಿಸಿಯಾದ್ರೂ ನಮ್ಮಂಥವರ ವಿಷಯ ಉಂಟಾ ನೋಡಿ. ಎಂತಾದ್ರೂ ಬರೀಬೇಕಿದ್ರೆ ಬರೀರಿ."

ನಿಯಮಸಭೆಯ, ಎಂದರೆ ರಾಜ್ಯದ ವಿಧಾನಸಭೆಯ, ವೆಬ್‌ಸೈಟಿನಿಂದ ತೆಗೆದ ಮಸೂದೆ ಅದು, ಪೂರ್ತಿ ಮಲಯಾಳ. ಅವಳು ಹೋದ ಮೇಲೆ ಬಾಗಿಲು ಹಾಕಿ ಓದಿದೆ. ಮೂರನೇ ಪುಟದಲ್ಲೇ ಸಿಕ್ಕಿತು: ದೋಣಿ ಪರವಾನಗಿ ಇರುವವರಿಗೆ ಮಾತ್ರ ನೋಂದಣಿ. ನೋಂದಣಿ ಇಲ್ಲದವರು ಅಳಿವೆಯಲ್ಲಿ ಚಿಪ್ಪು ತೆಗೆಯುವಂತಿಲ್ಲ. ಫೋನಿನಲ್ಲಿ ಅದೇ ವೆಬ್‌ಸೈಟ್ ತೆರೆದರೆ ಎಲ್ಲ ವಿವರ ಅಲ್ಲಿತ್ತು. ಮಸೂದೆ ಸಮಿತಿಗೆ ಹೋಗಿದೆ, ಸಾರ್ವಜನಿಕರು ಇಪ್ಪತ್ತೊಂದು ದಿನದೊಳಗೆ ಅಭಿಪ್ರಾಯ ಕಳಿಸಬಹುದು, ಇಮೇಲ್ ವಿಳಾಸ ಇದು. ಕೈಯಲ್ಲಿ ಹೆಕ್ಕುವವರನ್ನೂ ಸೇರಿಸಿ ಎಂದು ನಾಲ್ಕು ಸಾಲು ಗೀಚಿದ್ದರೆ ಸಾಕಿತ್ತು.

ನಾನು ಗೀಚಲಿಲ್ಲ. ಮೂರನೇ ಪುಟದಲ್ಲಿ ತಪ್ಪಿದೆ ಎಂದು ಬರೆದರೆ, ಮಾಷ್ಟ್ರು ಅದನ್ನು ಓದಿದ್ದು ಹೇಗೆ ಎಂದು ಯಾರಾದರೂ ಕೇಳಿಬಿಟ್ಟರೆ? ಅದರ ಬದಲು ಕನ್ನಡ ಪ್ರತಿ ಕೊಡಿ ಎಂದು ಗಲಾಟೆ ಎಬ್ಬಿಸಿದೆ. ಇನ್ನೂರು ಜನರ ಸಹಿ ಹಾಕಿಸಿದೆ. 'ಮಹಾಗಣಪತಿ ಮಾಷ್ಟ್ರ ಗುಡುಗು' ಎಂದು ಪತ್ರಿಕೆಯಲ್ಲಿ ಫೋಟೊ ಬಂತು. ಅದನ್ನು ಕತ್ತರಿಸಿ ಫೈಲಿಗೂ ಹಾಕಿದೆ. ಕೇಳಿದ್ದು ತಪ್ಪೆಂದು ಈಗಲೂ ಹೇಳುವುದಿಲ್ಲ, ಅದು ನಮ್ಮ ಹಕ್ಕು. ಆದರೆ ಎರಡೂ ಕಾಗದ ಬರೆಯಲು ನನ್ನ ಕೈಗೇನು ಲಕ್ವ ಹೊಡೆದಿತ್ತೇ?

ಗಡುವಿಗೆ ಹನ್ನೊಂದು ದಿನ ಉಳಿದಿರುವಾಗ ಲೋಲಾಕ್ಷಿ ಪೇಟೆಯಲ್ಲಿ ಸಿಕ್ಕಿದಳು. "ಬರೆದಾಯ್ತಾ ಮಾಷ್ಟ್ರೇ? ನಮಿತಾ ತಾನೇ ಬರೆದು ಕಳಿಸ್ತೇನೆ ಅಂತಾಳೆ. ಬೇಡ, ಮಾಷ್ಟ್ರು ನೋಡ್ತಾರೆ ಅಂತ ನಾನು ಹೇಳಿದೆ."

"ಕನ್ನಡ ಪ್ರತಿ ಬರ್ಲಿ. ಅವಸರ ಎಂತಕ್ಕೆ?" ಎಂದೆ.

ಆ ಹನ್ನೊಂದು ದಿನವೂ ಬೆಳಿಗ್ಗೆ ಎದ್ದ ಕೂಡಲೇ ವೆಬ್‌ಸೈಟ್ ನೋಡಿದೆ. ಗಡುವು ಮುಗಿದ ಮೇಲೂ ನೋಡಿದೆ. ಸಮಿತಿಯ ವರದಿ ಮಂಡನೆಯಾಯಿತು, ಮಸೂದೆ ಪಾಸಾಯಿತು, ಗೆಜೆಟಿನಲ್ಲಿ ಬಂತು. ವರದಿಯ ಕೊನೆಯಲ್ಲಿ ಜನ ಬರೆದ ಪತ್ರಗಳ ಪಟ್ಟಿ ಇತ್ತು. ತೆಂಕಣ ಜಿಲ್ಲೆಯ ಯಾವಳೋ ಹೆಂಗಸು ಆರೇ ಸಾಲು ಬರೆದಿದ್ದಳು, ಕೋಲು ಹಾಕಿ ಏಡಿ ಹಿಡಿಯುವ ನಮಗೂ ದೋಣಿ ಇಲ್ಲ ಎಂದು. ಸಮಿತಿ ಒಪ್ಪಿ, ಏಡಿ ಹಿಡಿಯುವವರನ್ನು ಸೇರಿಸಿತ್ತು. ಮರುವಾಯಿ ಹೆಕ್ಕುವವರ ಬಗ್ಗೆ ಯಾರೂ ಬರೆದಿರಲಿಲ್ಲ.

ಕಾನೂನು ಜಾರಿಯಾಗಿ ನಾಲ್ಕು ತಿಂಗಳ ಮೇಲೆ ಅಂಚೆಯಲ್ಲಿ ಕನ್ನಡ ಪ್ರತಿ ಬಂತು. ಕಾಗುಣಿತದ ಒಂದು ತಪ್ಪೂ ಇಲ್ಲದ, ಅಚ್ಚುಕಟ್ಟಾದ ಅನುವಾದ. ನಾನೇ ಗೆದ್ದವನು. ಅದನ್ನು ಹಿಡಿದುಕೊಂಡು ಮೊಗ್ರಾಲಿಗೆ ಹೋದೆ. ಯಾಕೆ ಹೋದೆನೋ, ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ಲೋಲಾಕ್ಷಿ ಬಸ್‌ಸ್ಟಾಂಡಿನಲ್ಲಿದ್ದಳು. ಸೀತಾಂಗೋಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸವಂತೆ, ದಿನವಿಡೀ ನಿಂತಿರಬೇಕು. ಹೊಳೆಯಲ್ಲಿ ನಿಂತದ್ದಕ್ಕಿಂತ ಸಿಮೆಂಟಿನ ಮೇಲೆ ನಿಲ್ಲುವುದೇ ಕಷ್ಟ ಎಂದು ಮೊಣಕಾಲು ನೀವಿಕೊಂಡಳು. ಪ್ರತಿಯನ್ನು ತೆಗೆದುಕೊಂಡು, ನಾನು ಎರಡನೇ ಕ್ಲಾಸಿನಲ್ಲಿ ಕಲಿಸಿದ ಹಾಗೆಯೇ ಬೆರಳಿಟ್ಟು ಮೂರನೇ ಪುಟ ಓದಿದಳು.

"ಕನ್ನಡ ಚಂದ ಉಂಟು," ಎಂದಳು. "ಆದ್ರೆ ಇದರಲ್ಲಿ ನಾವು ಇಲ್ಲ ಅಲ್ವಾ?"

"ಇಲ್ಲ."

ಅವಳಿಗೆ ಕೋಪ ಬರಲಿಲ್ಲ. ಬಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕಾಗದ ಮಡಚಿ ನನ್ನ ಕೈಗೇ ಕೊಟ್ಟಳು. ಸೀತಾಂಗೋಳಿ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿತು.

"ನೀವು ಬೇಜಾರು ಮಾಡ್ಬೇಡಿ ಮಾಷ್ಟ್ರೇ," ಎಂದಳು. "ನಿಮಗೆ ಮಲಯಾಳ ಓದ್ಲಿಕ್ಕೆ ಬರ್ತಿದ್ರೆ ನೀವು ಸುಮ್ಮನೆ ಬಿಡ್ತಿದ್ರಾ?"

"ಬಿಡ್ತಿರ್ಲಿಲ್ಲ," ಎಂದೆ.