ಹತ್ತಿಯಣ್ಣ ಕಂಡ ಬೇಸಿಗೆಗಳು

ಬೆಳಗಾದರೆ ಸಾಕು, ಬೀದಿಯ ನಲ್ಲಿಯ ಮುಂದೆ ಅದೇ ಮಾತು.

"ರಾತ್ರಿ ಕಣ್ಣು ಮುಚ್ಚಿದ್ರಾ?"

"ಎಲ್ಲಿ ಮುಚ್ಚೋದು? ಗೋಡೆಗೆ ಬೆನ್ನು ಕೊಟ್ರೆ ಒಲೆಗೆ ಬೆನ್ನು ಕೊಟ್ಟ ಹಾಗಿತ್ತು."

ಎಲ್ಲರೂ ಬೇಸಿಗೆಯನ್ನು ಬಾಯಿತುಂಬ ಬೈಯುತ್ತಿದ್ದರು. ಹತ್ತಿಯಣ್ಣ ಮಾತ್ರ ಬೈಯುತ್ತಿರಲಿಲ್ಲ. ಬೈದವರನ್ನು ಕಂಡರೆ ಅವನಿಗೆ ಸಿಟ್ಟು. "ಬೇಸಿಗೇಲಿ ಬಿಸಿಲು ಬರದೆ ಬೆಳದಿಂಗಳು ಬರುತ್ತಾ?" ಎನ್ನುತ್ತ ಕೊಡ ಎತ್ತಿಕೊಂಡು ನಡೆದುಬಿಡುತ್ತಿದ್ದ.

ಅವನು ಹಾಸಿಗೆ ಹೊಲಿಯುವವನು. ಹತ್ತಿ ಹಿಂಜಿ, ಗವಸಿಗೆ ತುಂಬಿ, ದಬ್ಬಣದಿಂದ ಹೊಲಿಗೆ ಹಾಕುವುದು ಅಪ್ಪನ ಕಾಲದಿಂದ ಬಂದ ಕೆಲಸ. ಮೀಸೆ, ಹುಬ್ಬು, ತಲೆಗೂದಲಿಗೆಲ್ಲ ಹತ್ತಿಯ ಎಳೆ ಅಂಟಿಕೊಂಡು, ಹರೆಯದಲ್ಲೇ ಮುದುಕನ ಹಾಗೆ ಕಾಣುತ್ತಿದ್ದ. ಈಗ ನಿಜವಾಗಿಯೂ ಕೂದಲು ನರೆತಿದೆ, ಬೀದಿಯಲ್ಲಿ ಯಾರಿಗೂ ಗೊತ್ತೇ ಆಗಿಲ್ಲ.

ಹಾಸಿಗೆಯವನಿಗೆ ಬೇಸಿಗೆಯೇ ಸುಗ್ಗಿ. ಹಳೆ ಹಾಸಿಗೆ ಬಿಚ್ಚಿ, ಹತ್ತಿ ಒಣಗಿಸಿ, ಮತ್ತೆ ಹಿಂಜಿಸಿಕೊಳ್ಳಲು ಜನ ಬರುವುದು ಆಗಲೇ. ಆದರೆ ಅವನ ಪ್ರೀತಿಗೆ ಅದೊಂದೇ ಕಾರಣವಲ್ಲ. ಚಿಕ್ಕಂದಿನಲ್ಲಿ ಅಪ್ಪ ಮಾಳಿಗೆಯ ಮೇಲೆ ಹತ್ತಿ ಹರವುತ್ತಿದ್ದರು. ಹಾರಿಹೋಗದಂತೆ ಮೇಲೊಂದು ತೆಳುಬಟ್ಟೆ ಹೊದಿಸಿ, ಮೂಲೆಗಳಿಗೆ ಕಲ್ಲು ಇಡುವುದು ಅಕ್ಕನದು ಮತ್ತು ಅವನದು ಕೆಲಸ. ಇಳಿಹೊತ್ತಿಗೆ ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಆ ಗಾಳಿಯ ವಾಸನೆ ನೋಡಿಯೇ ಅಪ್ಪ, "ಮಳೆ ಬರುತ್ತೆ, ಎತ್ರೋ" ಅನ್ನುತ್ತಿದ್ದರು. ರಾತ್ರಿ ಅಲ್ಲೇ ಮಲಗುವುದು, ಅದೂ ಮಾರನೆಯ ದಿನ ಯಾರದೋ ಮನೆಗೆ ಹೋಗಬೇಕಾದ ಹೊಸ ಹಾಸಿಗೆಯ ಮೇಲೆ! ಬೆಳಗಿನ ಜಾವ ಚಳಿಯಾಗಿ, ಅಕ್ಕ ತಮ್ಮ ಒಂದೇ ಹೊದಿಕೆಗೆ ಕಿತ್ತಾಡುತ್ತಿದ್ದರು. ಬೇಸಿಗೆಯನ್ನು ಯಾರಾದರೂ ಬೈದರೆ, ಆ ಮಾಳಿಗೆಯನ್ನೇ ಬೈದಂತೆ ಅವನಿಗೆ ನೋವಾಗುತ್ತಿತ್ತು.

ಆ ಅಕ್ಕ ಈಗ ಅವನ ಜೊತೆಗೇ ಇದ್ದಾಳೆ. ಭಾವ ತೀರಿಹೋದ ಮೇಲೆ ತಮ್ಮನ ಮನೆಗೆ ಬಂದವಳು, ಹಿತ್ತಲ ಕೋಣೆಯಲ್ಲಿ ಕೂತು ದಿಂಬು ಹೊಲಿಯುತ್ತಾಳೆ. ಆ ಕೋಣೆಗೆ ತಗಡಿನ ಸೂರು. ಅಲ್ಲೇ ಹತ್ತಿ ಹಿಂಜುವ ಯಂತ್ರ. ಗಾಳಿ ಬಂದರೆ ಹತ್ತಿ ಹಾರುತ್ತದೆಂದು ಫ್ಯಾನ್ ಹಾಕಿಸಿಲ್ಲ, ಕಿಟಕಿ ತೆರೆಯುವುದಿಲ್ಲ.

ಎದುರು ಮನೆಯ ನರ್ಸಮ್ಮ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವರು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರವೇ ಅವನನ್ನು ಹಿಡಿದು ನಿಲ್ಲಿಸಿದರು.

"ಅಣ್ಣಾ, ಮಧ್ಯಾಹ್ನ ಆ ಹಿತ್ತಲ ಕೋಣೇಲಿ ಕೆಲಸ ನಿಲ್ಲಿಸಿ ಬಾಗಿಲು ಹಾಕಿಬಿಡಿ. ಅಕ್ಕನಿಗೆ ವಯಸ್ಸಾಗಿದೆ. ಬಿಸಿಲಿನ ಹೊಡೆತ ಬೀದೀಲಿ ನಿಂತವರಿಗೆ ಮಾತ್ರ ಅಂದ್ಕೋಬೇಡಿ. ತಗಡಿನ ಕೆಳಗೆ ಗಾಳಿ ಇಲ್ಲದೆ ಕೂತವರಿಗೂ ಹೊಡೆಯುತ್ತೆ."

"ನಮ್ಮಪ್ಪ ಇಂಥ ಬೇಸಿಗೆ ಎಷ್ಟು ಕಂಡಿಲ್ಲ?"

"ಇಂಥದ್ದು ಕಂಡಿಲ್ಲ ಅಂತಲೇ ನಾನು ಹೇಳ್ತಿರೋದು. ನೀವು ಚಿಕ್ಕವರಿದ್ದಾಗ ಬೇಸಿಗೆ ರಾತ್ರಿ ಹೊದಿಕೆ ಬೇಕಾಗ್ತಿತ್ತಾ?"

"ಬೆಳಗಿನ ಜಾವಕ್ಕೆ ಬೇಕಾಗ್ತಿತ್ತು."

"ಈಗ?"

ಹತ್ತಿಯಣ್ಣ ಕೊಡವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಈಗ ನನಗೆ ವಯಸ್ಸಾಯ್ತಲ್ಲ. ಮೈಯೇ ಬಿಸಿ."

"ಪಕ್ಕದ ಮನೆ ಕೈಗೂಸು ರಾತ್ರಿಯೆಲ್ಲ ಅಳುತ್ತಲ್ಲ, ಅದಕ್ಕೂ ವಯಸ್ಸಾಯ್ತಾ?"

ನೀರಿಗೆ ನಿಂತವರೆಲ್ಲ ನಕ್ಕರು. ನರ್ಸಮ್ಮ ನಗಲಿಲ್ಲ. "ಒಂದು ವರ್ಷ ಬಿಸಿಲು ಜಾಸ್ತಿ, ಒಂದು ವರ್ಷ ಕಮ್ಮಿ, ಅದು ಮೊದಲಿಂದ ಇದ್ದದ್ದೇ. ಒಂದು ವರ್ಷ ನೋಡಿ ಏನೂ ಹೇಳೋಕಾಗಲ್ಲ. ಆದ್ರೆ ನಿಮ್ಮ ಅಪ್ಪನ ಕಾಲದ ಹತ್ತು ಬೇಸಿಗೆ, ಈಗಿನ ಹತ್ತು ಬೇಸಿಗೆ ಪಕ್ಕಪಕ್ಕ ಇಟ್ಟು ನೋಡಿ. ಸೆಕೆ ಬೇಗ ಬರುತ್ತೆ, ತಡವಾಗಿ ಹೋಗುತ್ತೆ. ರಾತ್ರಿ ತಂಪಾಗಲ್ಲ. ಹಗಲೆಲ್ಲ ಕಾದ ಮೈಗೆ ರಾತ್ರೀನೂ ಬಿಡುವು ಸಿಗದಿದ್ರೆ ಅದು ಎಷ್ಟು ದಿನ ತಡಕೊಳ್ಳುತ್ತೆ? ಮಳೆನೂ ಹಾಗೇ ಆಗಿದೆ. ಹೋದ ವರ್ಷ ನಿಮ್ಮ ಹತ್ತಿ ಹೇಗೆ ನೆಂದಿತು?"

ಅವನಿಗೆ ಚೆನ್ನಾಗಿ ನೆನಪಿತ್ತು. ಅಪ್ಪ ಕಲಿಸಿದ ಹಾಗೆಯೇ ಆಕಾಶ ನೋಡಿದ್ದ, ಗಾಳಿಯ ವಾಸನೆ ಹಿಡಿದಿದ್ದ. ಯಾವ ಸುಳಿವೂ ಇರಲಿಲ್ಲ. ಇದ್ದಕ್ಕಿದ್ದ ಹಾಗೆ ಸುರಿದ ಮಳೆಗೆ ಹರವಿದ ಹತ್ತಿಯೆಲ್ಲ ಮುದ್ದೆಯಾಗಿತ್ತು. ಹತ್ತಿ ಹಾಳಾದದ್ದಕ್ಕಿಂತ, ಅಪ್ಪ ಕೊಟ್ಟುಹೋದ ವಿದ್ಯೆ ಕೈಕೊಟ್ಟಿತಲ್ಲ ಎಂಬುದೇ ಅವನನ್ನು ಹೆಚ್ಚು ನೋಯಿಸಿತ್ತು. ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

"ನಮ್ಮ ಗ್ರಹಚಾರ, ನೆಂದಿತು" ಎಂದಷ್ಟೇ ಹೇಳಿ ಹೊರಟುಹೋದ.

ಅದೇ ವಾರ, ಒಂದು ಮಧ್ಯಾಹ್ನ. ಹೆಂಡತಿ ಗವಸಿನ ಬಟ್ಟೆ ತರಲು ಪೇಟೆಗೆ ಹೋಗಿದ್ದಳು. ಊಟ ಮುಗಿಸಿ ಅಕ್ಕ ತಮ್ಮ ಕೋಣೆಯಲ್ಲಿ ಕೆಲಸಕ್ಕೆ ಕೂತಿದ್ದರು. ಅಕ್ಕ ಬೆಳಿಗ್ಗೆಯಿಂದ ತಲೆನೋವು ಅನ್ನುತ್ತಿದ್ದಳು, ಊಟವನ್ನೂ ಅರ್ಧಕ್ಕೇ ಬಿಟ್ಟಿದ್ದಳು. ಹೊಲಿಗೆ ನಿಧಾನವಾಯಿತು. ಆಮೇಲೆ ನಿಂತೇಹೋಯಿತು.

"ಪುಟ್ಟಾ" ಅಂದಳು.

ಹತ್ತಿಯಣ್ಣ ಯಂತ್ರ ನಿಲ್ಲಿಸಿದ. ಆ ಹೆಸರಿನಿಂದ ಅವನನ್ನು ಯಾರೂ ಕರೆಯದೆ ಯಾವ ಕಾಲವಾಗಿತ್ತೋ.

"ಪುಟ್ಟಾ, ಕಲ್ಲು ಇಟ್ಟೆಯಾ?"

"ಯಾವ ಕಲ್ಲಕ್ಕಾ?"

"ಮಾಳಿಗೆ ಮೇಲೆ… ಹತ್ತಿ ಹಾರುತ್ತೆ ಕಣೋ. ಅಪ್ಪ ಬೈತಾರೆ."

ಅವನಿಗೆ ನಗು ಬಂತು. ತನ್ನ ಹಾಗೆಯೇ ಅಕ್ಕನೂ ಒಳಗೊಳಗೇ ಆ ದಿನಗಳಿಗಾಗಿ ಹಂಬಲಿಸುತ್ತಿದ್ದಾಳೆ ಅಂದುಕೊಂಡ. "ಇಟ್ಟಿದೀನಿ ಅಕ್ಕಾ, ನಾಲ್ಕು ಮೂಲೆಗೂ" ಅಂದ.

"ಗಾಳಿ ಬಂತು ನೋಡು."

ಕೋಣೆಯಲ್ಲಿ ಗಾಳಿಯ ಸುಳಿವೂ ಇರಲಿಲ್ಲ. ಆದರೂ ಅವನು ಕಣ್ಣು ಮುಚ್ಚಿದ. ಅಪ್ಪನ ದನಿ, ಹೊಸ ಗವಸಿನ ವಾಸನೆ, ಅಂಗಾಲಿಗೆ ತಾಗುವ ತಣ್ಣನೆಯ ನೆಲ ಎಲ್ಲವೂ ಬಂದು ನಿಂತವು. ಎಷ್ಟೋ ವರ್ಷದ ಮೇಲೆ ಇಂಥದೊಂದು ಮಧ್ಯಾಹ್ನ ಸಿಕ್ಕಿದೆ ಎನಿಸಿತು.

"ಹೊದಿಕೆಗೆ ಕಿತ್ತಾಡ್ತಿದ್ವಲ್ಲ, ನೆನಪಿದೆಯಾ?"

ಅಕ್ಕ ಅತ್ತಿತ್ತ ನೋಡಿದಳು. "ಅಪ್ಪ ಎಲ್ಲಿ? ಅಪ್ಪನ್ನ ಕರಿ" ಎಂದು ಗೋಡೆ ಹಿಡಿದು ಏಳಲು ಹೋಗಿ, ಮತ್ತೆ ಕುಸಿದು ಕೂತಳು.

ಅಷ್ಟರಲ್ಲಿ ನರ್ಸಮ್ಮ ಬಾಗಿಲಲ್ಲಿ ಕಾಣಿಸಿಕೊಂಡರು. "ಅಕ್ಕಾ, ನನ್ನ ದಿಂಬು ಆಯ್ತಾ?"

"ಯಾರಮ್ಮ ನೀನು?" ಅಂದಳು ಅಕ್ಕ.

ನರ್ಸಮ್ಮನ ಮುಖ ಬದಲಾಯಿತು. ಒಳಗೆ ಬಂದವರೇ ಅಕ್ಕನ ಕುತ್ತಿಗೆಗೆ ಕೈಯಿಟ್ಟರು. "ಎಷ್ಟು ಹೊತ್ತಿಂದ ಹೀಗೆ ಮಾತಾಡ್ತಿದಾರೆ?"

"ಹಳೇದೆಲ್ಲ ನೆನಪು ಮಾಡ್ಕೊಂಡು…"

"ಇದು ನೆನಪಲ್ಲ ಅಣ್ಣಾ! ಮೈ ಕೆಂಡ ಆಗಿದೆ, ಬೆವರೇ ಇಲ್ಲ. ಬಿಸಿ ತಲೆಗೇರಿದೆ. ಹಿಡೀರಿ, ಹೊರಗೆ ನೆರಳಿಗೆ ತರೋಣ."

ಇಬ್ಬರೂ ಎತ್ತಿ ತಂದು ಜಗಲಿಯ ಮೇಲೆ ಮಲಗಿಸಿದರು. ಅಷ್ಟರಲ್ಲಿ ಅಕ್ಕನ ಕಣ್ಣು ಮುಚ್ಚಿಹೋಗಿತ್ತು. ನರ್ಸಮ್ಮ ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿದರು. ಹತ್ತಿಯಣ್ಣ ಚೊಂಬು ತಂದು ಅಕ್ಕನ ಬಾಯಿಗೆ ಹಿಡಿಯಲು ಹೋದ.

"ಬೇಡ! ಪ್ರಜ್ಞೆ ಸರಿ ಇಲ್ಲದಾಗ ಬಾಯಿಗೆ ನೀರು ಹಾಕಿದ್ರೆ ಉಸಿರುನಾಳಕ್ಕೆ ಹೋಗುತ್ತೆ. ಮೈ ಮೇಲೆ ಹಾಕಿ. ಬಟ್ಟೆ ಸಡಿಲ ಮಾಡಿ. ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಬೀಸ್ತಾ ಇರಿ, ನಿಲ್ಲಿಸಬೇಡಿ."

ಅವನು ಕೊಡಗಟ್ಟಲೆ ಸುರಿದ. ರಟ್ಟಿನ ತುಂಡು ಹಿಡಿದು, ಗಾಡಿ ಬರುವವರೆಗೂ ಬೀಸಿದ. ಅಕ್ಕ ಒಮ್ಮೆಯೂ ಕಣ್ಣು ತೆರೆಯಲಿಲ್ಲ.

ಅಕ್ಕ ಉಳಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮಾತು ಸರಿಹೋದ ದಿನ ಹತ್ತಿಯಣ್ಣ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತು, "ಅಕ್ಕಾ, ಮಾಳಿಗೆ, ಕಲ್ಲು, ಅಪ್ಪ ಅಂತೆಲ್ಲ ಅಂದೆಯಲ್ಲ?" ಎಂದು ಕೇಳಿದ.

"ನಾನಾ? ದಿಂಬು ಹೊಲೀತಿದ್ದೆ ಅಷ್ಟೇ" ಅಂದಳು ಅಕ್ಕ.

ಅವನು ಎದ್ದು ಹೊರಗೆ ಬಂದ. ಎಷ್ಟೋ ವರ್ಷಕ್ಕೆ ಸಿಕ್ಕ ಸವಿಯಾದ ಗಳಿಗೆ ಎಂದುಕೊಂಡು ಕಣ್ಣು ಮುಚ್ಚಿ ಕೂತಿದ್ದ ಹೊತ್ತಿನಲ್ಲಿ ಅಕ್ಕ ಕೈತಪ್ಪಿ ಹೋಗುತ್ತಿದ್ದಳು. ನರ್ಸಮ್ಮ ಹೊರಗೇ ನಿಂತಿದ್ದರು.

"ಹಟ ಮಾಡ್ದೆ ಕಣಮ್ಮಾ" ಅಂದ. "ಆ ಬೇಸಿಗೆ ಹೋಯ್ತು ಅಂತ ಒಪ್ಕೊಂಡ್ರೆ, ಅಪ್ಪ ಇನ್ನೊಂದು ಸಲ ಹೋದ ಹಾಗೆ ಅನಿಸ್ತಿತ್ತು."

"ಅದನ್ನ ಮರೀರಿ ಅಂತ ಯಾರು ಹೇಳಿದ್ರು? ಈಗಿನದನ್ನ ಅದೇ ಅಂದ್ಕೋಬೇಡಿ, ಸಾಕು" ಅಂದರು ನರ್ಸಮ್ಮ.

ಈಗ ಅವನ ಮನೆಯ ತಗಡಿಗೆ ಸುಣ್ಣ ಬಿದ್ದಿದೆ, ಒಳಗಿನ ಕಾವು ಎಷ್ಟೋ ಇಳಿದಿದೆ. ಕಿಟಕಿ ತೆರೆದಿದೆ, ಹತ್ತಿ ಹಾರದಂತೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿದ್ದಾನೆ. ಹಿಂಜುವ ಕೆಲಸ ಬೆಳ್ಳಂಬೆಳಿಗ್ಗೆ ಮತ್ತು ಸಂಜೆ ಮಾತ್ರ. ಅಕ್ಕನ ಜಾಗ ಮುಂದಿನ ಕೋಣೆಯ ಫ್ಯಾನಿನ ಕೆಳಗೆ, ಕೈಗೆಟಕುವಲ್ಲಿ ನೀರಿನ ಹೂಜಿ. ಮಧ್ಯಾಹ್ನ ಹಿತ್ತಲ ಕೋಣೆಗೆ ಬೀಗ, ಬೀಗದ ಕೈ ಹೆಂಡತಿಯ ಸೊಂಟದಲ್ಲಿ. "ಕೇಳಿದ್ರೆ ನಿಮಗೂ ಕೊಡಲ್ಲ" ಎಂದಿದ್ದಾಳೆ. ಹಾಸಿಗೆ ತಡವಾಯಿತೆಂದು ಗೊಣಗುವ ಗಿರಾಕಿಗಳನ್ನು ಅವನು ಕೂರಿಸಿ, ನೀರು ಕೊಟ್ಟು, ಅಕ್ಕನ ಕಥೆ ಹೇಳಿಯೇ ಕಳಿಸುತ್ತಾನೆ.

ಓದುತ್ತಿರುವ ನಿಮ್ಮ ಮನೆಯಲ್ಲೂ ಹಳೆಯ ಬೇಸಿಗೆಯ ಮಾತು ಬರುತ್ತಿರಬಹುದು. ಆ ಮಾತು ಆಡಿಕೊಳ್ಳಿ, ಮಕ್ಕಳಿಗೂ ಹೇಳಿ. ಆದರೆ ಈಗಿನ ಬಿಸಿಲಿಗೆ ಈಗಿನ ಎಚ್ಚರವೇ ಬೇಕು. ಬಾಯಾರುವ ಮೊದಲೇ ನೀರು ಕುಡಿಯಿರಿ. ನಡುಹಗಲ ಕೆಲಸವನ್ನು ಬೆಳಿಗ್ಗೆಗೋ ಸಂಜೆಗೋ ತಳ್ಳಿ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕೆಲಸ ಬಿಟ್ಟು ತಂಪಿಗೆ ಬನ್ನಿ. ಮಾತು ಎತ್ತೆತ್ತಲೋ ಹೋಗುತ್ತಿದ್ದರೆ ಕಾಯಬೇಡಿ: ನೆರಳಿಗೆ ತನ್ನಿ, ಆಂಬುಲೆನ್ಸಿಗೆ ಕರೆ ಮಾಡಿ, ಮೈ ತೋಯಿಸಿ, ಗಾಳಿ ಹಾಕಿ.

ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಅಡುಗೆಮನೆಯಲ್ಲಿ, ಪಕ್ಕದ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಕೂತಿದ್ದಾರೆಯೇ? ಇದು ಮಧ್ಯಾಹ್ನದ ಹೊತ್ತಾಗಿದ್ದರೆ ಈ ಹಾಳೆಯನ್ನು ಇಲ್ಲೇ ಮಡಚಿಡಿ. ಹೋಗಿ ಅವರನ್ನು ಮಾತಾಡಿಸಿಕೊಂಡು ಬನ್ನಿ.