ಸಿಟ್ಟಿಲ್ಲದ ಒಂದು ಗಂಟೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ಕೆಲಸ ಕೆಡಿಸುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು. ನಮ್ಮ ಮನೆಯಲ್ಲಿ ಅಂಥವರೇ ಹೆಚ್ಚು, ನಾನೇನು ಮಾಡಲಿ?

ನಮ್ಮದು ದ್ರಾಕ್ಷಿ ಬೆಳೆದು ವೈನ್ ಮಾಡುವ ಮನೆತನ. ತೋಟಕ್ಕೆ ಅಂಗಡಿಯ ಗೊಬ್ಬರ, ಔಷಧಿ ಯಾವುದೂ ಇಲ್ಲ. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಮಣ್ಣಲ್ಲಿ ಹೂತಿಡುತ್ತೇವೆ. ಆಮೇಲೆ ಅದನ್ನು ತೆಗೆದು ನೀರಿಗೆ ಹಾಕಿ, ಒಂದು ಗಂಟೆ ಕೋಲಿನಿಂದ ತಿರುಗಿಸಿ ತೋಟಕ್ಕೆಲ್ಲ ಚಿಮುಕಿಸುತ್ತೇವೆ. ತಿರುಗಿಸುವವರು ಸಿಟ್ಟಾಗಕೂಡದು ಎನ್ನುವುದು ತಾತನ ಕಟ್ಟಪ್ಪಣೆ. ಸಿಟ್ಟು ಬಂತೋ, ನೀರು ಚೆಲ್ಲಿ ಮತ್ತೆ ಮೊದಲಿಂದ. ಹಾಗಾಗಿ ಆ ಕೋಲು ಎಂದೂ ನನ್ನ ಕೈಗೆ ಬಂದಿರಲಿಲ್ಲ.

ಈ ಸಲ ನಾನು ನೆಲಮಾಳಿಗೆಯ ಬೀಗದಕೈ ಕೇಳಿದೆ. ಪೀಪಾಯಿಗಳೆಲ್ಲ ಇರುವುದು ಅಲ್ಲೇ. ಬೀಗದಕೈ ಯಾರ ಹತ್ತಿರವೋ, ವೈನ್ ಮಾಡುವವರು ಅವರೇ. ನನಗೆ ಅದೊಂದೇ ಆಸೆ.

"ಒಂದು ಗಂಟೆ ಸಿಟ್ಟಾಗ್ದೆ ಕೋಲು ತಿರುಗ್ಸು, ಕೊಡ್ತೀನಿ," ಎಂದ ಅಪ್ಪ.

ದನ ನೋಡಿಕೊಳ್ಳುವ ಸೋದರತ್ತೆ ಸ್ಟೂಲು ತಂದು ಎದುರಿಗೇ ಹಾಕಿಕೊಂಡಳು. "ಇವತ್ತು ಹಾಲು ಕರೆಯೋದು ತಡ ಅಂತ ಹಸುಗಳಿಗೆ ಹೇಳಿ ಬಂದಿದೀನಿ. ಇದನ್ನ ನೋಡ್ದೆ ಇರೋಕಾಗತ್ತಾ?"

ನಾನು ತಿರುಗಿಸಿದೆ. ನೀರಿನ ನಡುವೆ ಸುಳಿ ಬಿದ್ದಾಗ ದಿಕ್ಕು ಬದಲಿಸಿದೆ.

"ಅದೇನು ಪೊರಕೆನಾ, ಹಾಗೆ ಹಿಡ್ಕೊಂಡಿದೀಯ?" ಎಂದಳು ಅತ್ತೆ.

"ಹೇಳ್ಕೊಡು ಅತ್ತೆ," ಎಂದೆ, ಬೆಣ್ಣೆಯಂಥ ದನಿಯಲ್ಲಿ.

"ಅಯ್ಯೋ, ಹಲ್ಲು ಕಡಿಯೋ ಸದ್ದು ಇಲ್ಲೀವರೆಗೂ ಕೇಳ್ತಿದೆ!"

ಮೈಯೆಲ್ಲ ಉರಿಯಿತು. ಬೀಗದಕೈ ನೆನೆದುಕೊಂಡು ನಕ್ಕೆ. ಗಂಟೆ ಮುಗಿಯುತ್ತ ಬಂದಾಗ ಅಪ್ಪ ಹತ್ತಿರ ಬಂದ.

"ನಿನ್ನ ಮೊದಲ್ನೇ ಪೀಪಾಯಿ ಇತ್ತಲ್ಲ..."

ಮರೆಯುವುದುಂಟೇ? ಪುಟ್ಟ ಪೀಪಾಯಿ, ಅದರ ವೈನ್ ಪೂರ್ತಿ ನನ್ನ ಕೈಯಲ್ಲೇ ಆದದ್ದು. ಎಲ್ಲ ಮಾರಾಟವಾಯಿತು ಎಂದು ಅಪ್ಪನೇ ಹೇಳಿದ್ದ. ನಾನು ವರ್ಷವಿಡೀ ಬೀಗಿದ್ದೆ.

"ಅದನ್ನ ಯಾರೂ ಕೊಳ್ಳಲಿಲ್ಲ. ಬರೀ ಹುಳಿ. ನಾನೇ ಕುಡಿದು ಮುಗ್ಸಿದೆ."

ನನಗೇ ಚಳ್ಳೆಹಣ್ಣು ತಿನ್ನಿಸಿದ್ದ! ಕೋಲು ಬಿಗಿಯಾಗಿ ಹಿಡಿದೆ. "ಈಗ್ಯಾಕೆ ಹೇಳ್ತಿದೀಯ?"

"ನಾಳೆಯಿಂದ ನೀನೇ ಮಾಡೋಳು. ಮತ್ತೆ ಅದೇ ತಪ್ಪಾಗಬಾರ್ದಲ್ಲ. ಬೇರೆ ಹೊತ್ತಲ್ಲಿ ಹೇಳೋಕೆ ನಂಗೆ ಧೈರ್ಯ ಎಲ್ಲಿದೆ?"

ಆ ವರ್ಷ ಅಪ್ಪನಿಗೆ ವಿಪರೀತ ಎದೆಯುರಿ. ಕರಿದ ತಿಂಡಿ ತಿಂದೇ ಹೀಗೆ ಎಂದು ನಾನು ದಿನಾ ಬೈದು ತಟ್ಟೆ ಕಿತ್ತುಕೊಳ್ಳುತ್ತಿದ್ದೆ. ಪುಣ್ಯಾತ್ಮ ತುಟಿ ಬಿಚ್ಚಿರಲಿಲ್ಲ. ಅದನ್ನು ನೆನೆದು ಸಂಕಟವಾಯಿತು.

"ಚೆಲ್ಲಬಹುದಿತ್ತಲ್ಲಪ್ಪಾ."

"ನೀನು ಮಾಡಿದ್ದನ್ನ ಹೇಗೆ ಚೆಲ್ಲಲಿ?"

ಕಣ್ಣೀರು ಸೀದಾ ನೀರಿಗೇ ಬಿತ್ತು.

"ಅಳಬಾರ್ದು ಅಂತ ತಾತ ಹೇಳಿಲ್ಲ. ತಿರುಗ್ಸು, ತಿರುಗ್ಸು!" ಎಂದಳು ಅತ್ತೆ, ತಾನೂ ಮೂಗು ಒರೆಸಿಕೊಳ್ಳುತ್ತ.

ಗಂಟೆ ಮುಗಿಯಿತು. ಕೋಲು ಕೆಳಗಿಟ್ಟೆ. ಅಪ್ಪ ಕೊಟ್ಟ ಬೀಗದಕೈಯನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡೆ. ಆಮೇಲೆ ಅವನ ಕಡೆ ತಿರುಗಿದೆ.

"ಈಗ ಹೇಳು. ಹುಳಿ ಕುಡಿದು ಹೊಟ್ಟೆ ಕೆಡಿಸ್ಕೊಂಡ್ಯಲ್ಲ, ಬುದ್ಧಿ ಇದ್ಯಾ ನಿಂಗೆ?"

ಅಪ್ಪ ಕೈಕಟ್ಟಿ ನಿಂತು, ನಗುತ್ತ, ಪೂರ್ತಿ ಬೈಸಿಕೊಂಡ.